ಕಾದೇಶ್ ಕದನವನ್ನು ಗೇಮ್‌ನೊಳಗೆ ಕಟ್ಟಿದ ಬಗೆ

ಝೀರೋ ಎ.ಡಿ. ಎಂಬ ಕಂಪ್ಯೂಟರ್ ಯುದ್ಧದ ಗೇಮ್ ಆಡಿದವರಿಗೆ ಅದರ ಕಾಲದ ಗಡಿ ಗೊತ್ತಿರುತ್ತದೆ. ಕ್ರಿ.ಪೂ. 500ರಿಂದ ಕ್ರಿ.ಪೂ. 1ರವರೆಗಿನ ನಾಗರಿಕತೆಗಳು ಅದರಲ್ಲಿ ಸಿಗುತ್ತವೆ: ಗ್ರೀಕರು, ಪರ್ಷಿಯನ್ನರು, ರೋಮನ್ನರು, ಮೌರ್ಯರು. ನನಗೆ ಬೇಕಿದ್ದದ್ದು ಅದಕ್ಕಿಂತ ಏಳೆಂಟು ನೂರು ವರ್ಷ ಹಿಂದಿನ ಕಂಚಿನ ಯುಗ. ಎರಡನೇ ರಾಮ್ಸೆಸ್‌ನ ಈಜಿಪ್ಟ್, ಅದರ ಎದುರಾಳಿಗಳಾದ, ಈಗಿನ ಟರ್ಕಿಯಲ್ಲಿ ಆಳುತ್ತಿದ್ದ ಹಿಟ್ಟೈಟರು, ಇಬ್ಬರ ನಡುವೆ ಕ್ರಿ.ಪೂ. 1274ರ ಸುಮಾರಿಗೆ ಈಗಿನ ಸಿರಿಯಾದಲ್ಲಿ ನಡೆದ ಕಾದೇಶ್ ಕದನ. ಈ ಎರಡು ನಾಗರಿಕತೆಗಳನ್ನೂ ಒಂದು ಕ್ಯಾಂಪೇನನ್ನೂ (ಕಥೆಯಾಗಿ ಸಾಗುವ ಮ್ಯಾಪ್‌ಗಳ ಸರಣಿ) ಮಾಡ್ ರೂಪದಲ್ಲಿ, ಅಂದರೆ ಇರುವ ಗೇಮ್‌ಗೆ ಆಡುವವರೇ ಮಾಡಿಕೊಳ್ಳುವ ಬದಲಾವಣೆಯಾಗಿ, ಸೇರಿಸಿದೆ. ಹೇಗೆ ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಗೇಮನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಇದು ಶುರುವಾದದ್ದೇ 2001ರಲ್ಲಿ, ಏಜ್ ಆಫ್ ಎಂಪೈರ್ಸ್ 2 ಗೇಮ್‌ಗೆ ಒಂದು ಮಾಡ್ ಮಾಡುವ ಯೋಚನೆಯಾಗಿ. 2009ರಲ್ಲಿ ಇದರ ಕೋಡ್ ಎಲ್ಲರಿಗೂ ತೆರೆಯಿತು. ಯೂನಿಟ್‌ಗಳು (ಆಟದ ಸೈನಿಕರು, ರಥಗಳು ಮುಂತಾದವು), ಕಟ್ಟಡಗಳು, ಬೆಲೆ, ವೇಗ, ಎಲ್ಲವೂ ಸಾದಾ ಟೆಕ್ಸ್ಟ್ ಫೈಲ್‌ಗಳಲ್ಲೇ ಇವೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು, ತಿದ್ದಬಹುದು.

ಹೊಸ ನಾಗರಿಕತೆ ಸೇರಿಸುವುದು ಕೇಳಲು ದೊಡ್ಡ ಕೆಲಸ, ಶುರು ಮಾಡುವುದು ಮಾತ್ರ ಸುಲಭ. ಹೆಸರು, ಸಂಗೀತ, ಆಟದ ಶುರುವಿನಲ್ಲಿ ಸಿಗುವ ಜನ, ಇವೆಲ್ಲ ಇರುವ ಜೇಸನ್ ಎಂಬ ಬಗೆಯ ಒಂದು ಟೆಕ್ಸ್ಟ್ ಫೈಲ್ ಬೇಕು. ಆಮೇಲೆ ಪ್ರತಿ ಯೂನಿಟ್‌ಗೂ ಒಂದು ಎಕ್ಸ್‌ಎಂಎಲ್ ಟೆಂಪ್ಲೇಟ್, ಅಂದರೆ ಅದರ ಗುಣಗಳನ್ನೆಲ್ಲ ಬರೆದಿಟ್ಟ ಫೈಲ್. ಇದನ್ನು ಮೊದಲಿಂದ ಬರೆಯಬೇಕಾಗಿಲ್ಲ. ಗೇಮ್‌ನಲ್ಲಿ ಆಗಲೇ ಇರುವ ಈಟಿಗಾರನ ಟೆಂಪ್ಲೇಟನ್ನು ಪೇರೆಂಟ್ (ಮೂಲ) ಅಂತ ತೋರಿಸಿ, ಎಲ್ಲಿ ವ್ಯತ್ಯಾಸ ಬೇಕೋ ಅಷ್ಟನ್ನೇ ಬರೆದರೆ ಸಾಕು. ಒಂದೇ ಸಂಜೆಯಲ್ಲಿ ಹಿಟ್ಟೈಟರು ಮೆನುವಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಆದರೆ ಅವರು ಬೇರೆ ಹೆಸರಿನ ಗ್ರೀಕರೇ ಆಗಿರುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ.

ಬಹಳ ಮಾಡ್‌ಗಳಲ್ಲಿ ಹೊಸ ನಾಗರಿಕತೆ ಅಂದರೆ ಶೇ. 10 ಜಾಸ್ತಿ ಹೆಲ್ತ್ (ಪೆಟ್ಟು ತಾಳುವ ಶಕ್ತಿ), ಶೇ. 5 ಕಡಿಮೆ ಬೆಲೆ, ಅಷ್ಟೇ. ನನಗೆ ಅದು ಸಾಕಾಗುವುದಿಲ್ಲ. ಒಂದು ಜನರ ಬದುಕು ಮತ್ತು ಯುದ್ಧದ ರೀತಿ ಆಡುವವರ ಕೈಚಳಕವನ್ನೇ ಬದಲಿಸಬೇಕು. ಹಿಟ್ಟೈಟರನ್ನು ಆರಿಸಿಕೊಂಡವರು ಐದು ನಿಮಿಷದೊಳಗೆ ಬೇರೆ ಥರ ಯೋಚಿಸಲು ಶುರು ಮಾಡಬೇಕು.

ಅದಕ್ಕೆ ರಥದಿಂದಲೇ ಶುರು ಮಾಡಿದೆ. ಈಜಿಪ್ಟಿನ ರಥ ಹಗುರ. ಅದರ ಅಚ್ಚು ಹಿಂತುದಿಯಲ್ಲಿರುತ್ತದೆ, ಹಾಗಾಗಿ ವೇಗದಲ್ಲೂ ಚೆನ್ನಾಗಿ ತಿರುಗುತ್ತದೆ. ಅದರಲ್ಲಿ ಇಬ್ಬರೇ ಇರುತ್ತಾರೆ, ಒಬ್ಬ ಸಾರಥಿ, ಒಬ್ಬ ಬಿಲ್ಲುಗಾರ. ರಾಮ್ಸೆಸ್ ಕಟ್ಟಿಸಿದ ದೇವಾಲಯಗಳ ಗೋಡೆಯ ಉಬ್ಬುಚಿತ್ರಗಳಲ್ಲಿ ಹಿಟ್ಟೈಟ್ ರಥಗಳಲ್ಲಿ ಮೂವರು ಕಾಣುತ್ತಾರೆ: ಸಾರಥಿ, ಗುರಾಣಿ ಹಿಡಿದವನು, ಈಟಿ ಹಿಡಿದವನು. ಇದನ್ನೇ ಟೆಂಪ್ಲೇಟ್‌ಗೆ ಇಳಿಸಿದೆ. ಈಜಿಪ್ಟ್ ರಥಕ್ಕೆ ಜನಸಂಖ್ಯೆಯ ಲೆಕ್ಕದಲ್ಲಿ 2, ಹಿಟ್ಟೈಟ್ ರಥಕ್ಕೆ 3. ಮೊದಲನೆಯದಕ್ಕೆ ದೂರದ ಬಾಣ, ಹೆಚ್ಚು ವೇಗ, ಚುರುಕಾದ ತಿರುವು, ಕಡಿಮೆ ಹೆಲ್ತ್. ಎರಡನೆಯದಕ್ಕೆ ಹತ್ತಿರದಿಂದ ಇರಿಯುವ ದಾಳಿ, ಗಟ್ಟಿ ಮೈ, ನಿಧಾನದ ತಿರುವು.

ಇಷ್ಟಕ್ಕೇ ಆಟ ಬದಲಾಯಿತು. ಬಯಲಿನಲ್ಲಿ ಎದುರುಬದುರಾದರೆ ಈಜಿಪ್ಟ್ ರಥಗಳು ಬಾಣ ಬಿಡುತ್ತಾ ಹಿಂದೆ ಸರಿಯುತ್ತವೆ, ಹಿಟ್ಟೈಟ್ ರಥಗಳು ಬೆನ್ನಟ್ಟಿ ಸುಸ್ತಾಗುತ್ತವೆ. ಹಾಗಾಗಿ ಹಿಟ್ಟೈಟರ ಕಡೆಯವರು ತಾವಾಗೇ ಹೊಂಚು ಹಾಕಲು ಕಲಿಯುತ್ತಾರೆ. ಮರೆಯಲ್ಲಿ ಕಾಯಬೇಕು, ಶತ್ರು ಸಾಲಾಗಿ ನಡೆಯುತ್ತಿರುವಾಗ ಪಕ್ಕದಿಂದ ನುಗ್ಗಬೇಕು. ಕಾದೇಶ್‌ನಲ್ಲಿ ನಡೆದದ್ದೂ ಅದೇ ಅಲ್ವಾ!

ಏನನ್ನು ಸೇರಿಸಬಾರದು ಅನ್ನುವುದೂ ಅಷ್ಟೇ ಮುಖ್ಯ. ಆ ಕಾಲಕ್ಕೆ ಕುದುರೆ ಮೇಲೆ ಕೂತು ಕಾದಾಡುವ ಪಡೆ ಇರಲಿಲ್ಲ. ಕಾದೇಶ್ ಉಬ್ಬುಚಿತ್ರಗಳಲ್ಲಿ ಕುದುರೆ ಸವಾರರು ಇದ್ದಾರೆ, ಆದರೆ ಅವರು ಸುದ್ದಿ ಒಯ್ಯುವವರು. ಹಾಗಾಗಿ ಅಶ್ವದಳವನ್ನು ಪೂರ್ತಿ ತೆಗೆದುಹಾಕಿ, ಶುರುವಿನಲ್ಲಿ ಸಿಗುವ ಸವಾರನ ಜಾಗದಲ್ಲಿ ಒಬ್ಬ ದೂತನನ್ನು ಇಟ್ಟೆ. ಅವನು ಬೇಟೆಯಾಡಬಲ್ಲ, ದೂರದವರೆಗೆ ನೋಡಬಲ್ಲ, ಯುದ್ಧಕ್ಕೆ ಮಾತ್ರ ಉಪಯೋಗವಿಲ್ಲ.

ಕಬ್ಬಿಣದ ವಿಷಯದಲ್ಲೂ ಹೀಗೇ. ಹಿಟ್ಟೈಟರು ಕಬ್ಬಿಣದ ಕತ್ತಿಗಳಿಂದ ಗೆದ್ದರು ಅನ್ನುವ ಮಾತು ಬಹಳ ಕಡೆ ಕೇಳಿಬರುತ್ತದೆ. ಪರೀಕ್ಷೆಗೆಂದು ಆಡಿದವರೂ ಕಬ್ಬಿಣದ ಟೆಕ್ನಾಲಜಿ ಎಲ್ಲಿ ಅಂತ ಕೇಳಿದರು. ನಾನು ಕೊಡಲಿಲ್ಲ. ಅವರ ಸೈನ್ಯದ ಆಯುಧಗಳು ಕಂಚಿನವು. ಹಿಟ್ಟೈಟರ ಮೂರನೇ ಹತ್ತುಸಿಲಿ ರಾಜನ ಕಾಲದ ಒಂದು ಪತ್ರ ಸಿಕ್ಕಿದೆ. ಉಗ್ರಾಣದಲ್ಲಿ ಒಳ್ಳೆಯ ಕಬ್ಬಿಣ ಸದ್ಯಕ್ಕಿಲ್ಲ, ಒಂದು ಕಬ್ಬಿಣದ ಕಠಾರಿಯ ಅಲಗು ಕಳಿಸುತ್ತಿದ್ದೇನೆ ಎಂಬ ಅರ್ಥದ ಮಾತು ಅದರಲ್ಲಿದೆ. ರಾಜರು ರಾಜರಿಗೆ ಉಡುಗೊರೆ ಕಳಿಸುವಷ್ಟು ಅಪರೂಪದ ವಸ್ತು ಅದು. ಹಾಗಾಗಿ ನನ್ನ ಕ್ಯಾಂಪೇನ್‌ನಲ್ಲಿ ಕಬ್ಬಿಣ ಒಂದೇ ಕಡೆ ಬರುತ್ತದೆ, ಕಠಾರಿಯಾಗಿ. ಅದನ್ನು ನೆರೆಯ ರಾಜನಿಗೆ ಕೊಟ್ಟರೆ ಒಂದು ಗಡಿ ಸ್ವಲ್ಪ ಕಾಲ ಶಾಂತವಾಗಿರುತ್ತದೆ.

ಹಿಟ್ಟೈಟರ ನಿಜವಾದ ಬಲ ಅವರ ಸಾಮಂತರು. ಕಾದೇಶ್‌ಗೆ ಮುವತಲ್ಲಿ ರಾಜನ ಜೊತೆ ಬಂದವರ ಪಟ್ಟಿಯೇ ಉದ್ದ: ಅರ್ಜಾವ, ಲುಕ್ಕಾ, ಕಾರ್ಕೆಮಿಶ್, ಉಗಾರಿಟ್, ಅಲೆಪ್ಪೋ. ಇದನ್ನು ಆಟದಲ್ಲಿ ತರಲು ಹೊಸ ಕೋಡ್ ಬೇಕಾಗಲಿಲ್ಲ. ಗೇಮ್‌ನಲ್ಲಿ ಶತ್ರುವಿನ ಕಟ್ಟಡವನ್ನು ಒಡೆಯದೆ ವಶಪಡಿಸಿಕೊಳ್ಳಬಹುದು. ಅಂಥ ಕಟ್ಟಡ ಯಾವ ಸೈನಿಕರನ್ನು ತಯಾರಿಸಬೇಕು ಅಂತ ಬರೆಯುವಾಗ ಎರಡು ಪದ ಬಳಸಬಹುದು. 'ಸಿವ್' ಅಂದರೆ ಈಗಿನ ಒಡೆಯನ ಸೈನಿಕರು, 'ನೇಟಿವ್' ಅಂದರೆ ಕಟ್ಟಡ ಮೂಲತಃ ಯಾರದ್ದೋ ಅವರ ಸೈನಿಕರು. ಸಿರಿಯಾದ ಪಟ್ಟಣಗಳ ಟೆಂಪ್ಲೇಟ್‌ಗಳಲ್ಲಿ 'ನೇಟಿವ್' ಹಾಕಿದೆ. ಹಿಟ್ಟೈಟರು ಒಂದು ಪಟ್ಟಣ ಹಿಡಿದರೆ ಅಲ್ಲಿನ ಜನರೇ ಅವರ ಸೈನ್ಯಕ್ಕೆ ಸೇರುತ್ತಾರೆ. ಸುಟ್ಟು ನಾಶಮಾಡುವುದಕ್ಕಿಂತ ಉಳಿಸಿಕೊಳ್ಳುವುದೇ ಲಾಭ.

ಚಿತ್ರಕಲೆಯ ಭಾಗವನ್ನು ಚಿಕ್ಕದಾಗಿ ಹೇಳುತ್ತೇನೆ. ಮಾಡೆಲ್‌ಗಳನ್ನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿದೆ. ಹಿಟ್ಟೈಟರ ರಾಜಧಾನಿ ಹತ್ತುಶದ ಕೋಟೆಗೋಡೆಯ ಅಡಿಪಾಯ ಕಲ್ಲಿನದು, ಮೇಲ್ಭಾಗ ಹಸಿ ಇಟ್ಟಿಗೆಯದು. ಇಟ್ಟಿಗೆ ಉಳಿದಿಲ್ಲ. ಆದರೆ ಕೋಟೆಯ ಬುರುಜುಗಳ ಆಕಾರದಲ್ಲಿ ಮಾಡಿದ ಮಣ್ಣಿನ ಪಾತ್ರೆಯ ಚೂರುಗಳು ಅಲ್ಲಿ ಸಿಕ್ಕಿವೆ. 2003ರಿಂದ 2005ರವರೆಗೆ ಪುರಾತತ್ವಜ್ಞರು 65 ಮೀಟರ್ ಗೋಡೆಯನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿಯೂ ತೋರಿಸಿದ್ದಾರೆ. ಈ ಎರಡರ ಫೋಟೋ ಎದುರಿಗಿಟ್ಟುಕೊಂಡು ಗೋಡೆಯ ಮೇಲಂಚಿನ ತೆನೆಗಳನ್ನು ಮಾಡಿದೆ. ತಂಡದ ಬಣ್ಣ ಎಲ್ಲಿ ಕಾಣಬೇಕು ಅನ್ನುವುದನ್ನು ಟೆಕ್ಸ್ಚರ್‌ನ (ಮಾಡೆಲ್ ಮೇಲೆ ಹೊದಿಸುವ ಚಿತ್ರದ) ಆಲ್ಫಾ ಚಾನೆಲ್, ಅಂದರೆ ಬಣ್ಣಗಳ ಜೊತೆಗಿರುವ ಇನ್ನೊಂದು ಪದರ, ಹೇಳುತ್ತದೆ. ಅದನ್ನು ಬಾಗಿಲ ಪಟ್ಟಿಗೆ ಮಾತ್ರ ಕೊಟ್ಟೆ.

ಇನ್ನು ಕಾದೇಶ್ ಮ್ಯಾಪ್. ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ.

ರಾಮ್ಸೆಸ್ ನಾಲ್ಕು ದಳಗಳೊಂದಿಗೆ ಹೊರಟಿದ್ದ: ಅಮುನ್, ರಾ, ಪ್ತಾ, ಸೆತ್. ಒಂದೊಂದರಲ್ಲಿ ಸುಮಾರು 5,000 ಜನ ಇದ್ದರು ಅನ್ನುವುದು ರೂಢಿಯ ಅಂದಾಜು. ಈಜಿಪ್ಟಿನ ಬರಹದ ಪ್ರಕಾರ ಹಿಟ್ಟೈಟರ ಮೊದಲ ದಾಳಿಯಲ್ಲಿ 2,500 ರಥ, ಎರಡನೆಯದರಲ್ಲಿ 1,000. ಒಂದಕ್ಕೆ ನೂರರ ಲೆಕ್ಕ ಹಿಡಿದೆ. ದಳಕ್ಕೆ 50 ಯೂನಿಟ್, ರಥಗಳು 25 ಮತ್ತು 10. ಅದಕ್ಕಿಂತ ಜಾಸ್ತಿ ಹಾಕಿದರೆ ನದಿ ದಾಟುವಲ್ಲಿ ದಾರಿ ಹುಡುಕುವ ಲೆಕ್ಕಾಚಾರವೇ ಗೇಮನ್ನು ನಿಧಾನ ಮಾಡುತ್ತದೆ.

ಆಟ ಶುರುವಾದಾಗ ಅಮುನ್ ದಳ ಮಾತ್ರ ನಿಮ್ಮ ಜೊತೆ ಇರುತ್ತದೆ. ಉಳಿದವು ದಕ್ಷಿಣದಲ್ಲಿ ದೂರ ದೂರ. ಒರೊಂಟಿಸ್ ನದಿಯನ್ನು ನಡೆದು ದಾಟುವ ಜಾಗದ ಹತ್ತಿರ ಇಬ್ಬರು ಶಾಸು ಅಲೆಮಾರಿಗಳು ಬಂದು, ಹಿಟ್ಟೈಟ್ ರಾಜ ಹೆದರಿ ಅಲೆಪ್ಪೋದಲ್ಲೇ ಉಳಿದಿದ್ದಾನೆ ಅನ್ನುತ್ತಾರೆ. ಅದು ಸುಳ್ಳು. ಹಿಟ್ಟೈಟ್ ಸೈನ್ಯ ಕಾದೇಶ್ ದಿಬ್ಬದ ಹಿಂದೆಯೇ ಇದೆ.

ಇಲ್ಲಿ ಒಂದು ವಿಷಯದಲ್ಲಿ ಹಠ ಹಿಡಿದೆ. ಹೊಂಚು ದಾಳಿ ಬೇಕಾದಾಗ ಟ್ರಿಗರ್‌ನಿಂದ (ಹೇಳಿಟ್ಟ ಸ್ಥಿತಿ ಬಂದ ಕೂಡಲೇ ತಾನಾಗಿ ನಡೆಯುವ ಸ್ಕ್ರಿಪ್ಟ್) ಖಾಲಿ ಜಾಗದಲ್ಲಿ ಸೈನ್ಯವನ್ನು ಹುಟ್ಟಿಸುವುದು ಸುಲಭ. ಬಹಳ ಕ್ಯಾಂಪೇನ್‌ಗಳು ಹಾಗೇ ಮಾಡುತ್ತವೆ. ಅದು ಆಡುವವರಿಗೆ ಮಾಡುವ ಮೋಸ. ನನ್ನ ಮ್ಯಾಪ್‌ನಲ್ಲಿ ಆ 35 ರಥಗಳು ಮೊದಲ ಕ್ಷಣದಿಂದಲೇ ದಿಬ್ಬದ ಆಚೆ ನಿಂತಿವೆ. ಫಾಗ್ ಆಫ್ ವಾರ್, ಅಂದರೆ ನಮ್ಮ ಯೂನಿಟ್‌ಗಳ ಕಣ್ಣಿಗೆ ಬೀಳದ ಜಾಗವನ್ನು ಮರೆಮಾಡುವ ಮಂಜು, ಅವನ್ನು ಮುಚ್ಚಿದೆ ಅಷ್ಟೇ. ಅಲೆಮಾರಿಗಳ ಮಾತನ್ನು ನಂಬದೆ ದೂತನನ್ನು ಪೂರ್ವಕ್ಕೆ ಕಳಿಸಿದವರು ಅವನ್ನು ಕಣ್ಣಾರೆ ನೋಡಬಹುದು, ಪ್ತಾ ದಳಕ್ಕೆ ಬೇಗ ಬಾ ಅಂತ ಹೇಳಿಕಳಿಸಬಹುದು. ನಂಬಿದವರಿಗೆ ರಾಮ್ಸೆಸ್‌ಗೆ ಆದದ್ದೇ ಆಗುತ್ತದೆ. ರಾ ದಳ ಬಯಲಿನಲ್ಲಿ ನಡೆದು ಬರುವಾಗ ಒಂದು ಟ್ರಿಗರ್ ಪಾಯಿಂಟ್ ದಾಟುತ್ತದೆ, 25 ರಥಗಳಿಗೆ ಹೊರಡುವ ಆಜ್ಞೆ ಸಿಗುತ್ತದೆ, ದಳ ಚೆಲ್ಲಾಪಿಲ್ಲಿಯಾಗುತ್ತದೆ.

ಆಮೇಲೆ ಹಿಟ್ಟೈಟರು ಈಜಿಪ್ಟಿನ ಶಿಬಿರಕ್ಕೆ ನುಗ್ಗಿ ಕೊಳ್ಳೆ ಹೊಡೆಯುತ್ತಾ ನಿಂತುಬಿಟ್ಟರು ಅನ್ನುತ್ತದೆ ಈಜಿಪ್ಟಿನ ಬರಹ. ಅಷ್ಟರಲ್ಲಿ ಈಜಿಪ್ಟಿನ ಕಡೆಯ ನೆಆರಿನ್ ಎಂಬ ಪಡೆ ಬಂದು ಅವರ ಮೇಲೆ ಬಿತ್ತು. ಈ ಕೊಳ್ಳೆಯನ್ನು ತೋರಿಸುವುದು ಹೇಗೆ? ಗೇಮ್‌ನಲ್ಲಿ ಯೂನಿಟ್‌ಗಳು ಎತ್ತಿಕೊಳ್ಳಬಲ್ಲ ನಿಧಿಗಳಿವೆ. ಶಿಬಿರದ ಡೇರೆಗಳ ನಡುವೆ ಅವನ್ನು ಹರಡಿದೆ. ಹಿಟ್ಟೈಟ್ ರಥದ ಟೆಂಪ್ಲೇಟ್‌ಗೆ ನಿಧಿ ಎತ್ತುವ ಸಾಮರ್ಥ್ಯ ಕೊಟ್ಟು, ಶಿಬಿರ ತಲುಪಿದ ಕೂಡಲೇ ಹತ್ತಿರದ ನಿಧಿಗೆ ಹೋಗು ಅಂತ ಸ್ಕ್ರಿಪ್ಟ್‌ನಲ್ಲಿ ಹೇಳಿದೆ. ರಥಗಳು ನಿಲ್ಲುತ್ತವೆ, ಗುಂಪು ಒಡೆಯುತ್ತದೆ. ಆ ಹೊತ್ತಿನಲ್ಲಿ ರಾಮ್ಸೆಸ್‌ನ ಜೊತೆ ಕೊಂಬಿನ ಶಿರಸ್ತ್ರಾಣದ ಶೆರ್ಡೆನ್ ಕಾವಲುಗಾರರನ್ನು ಒಟ್ಟುಗೂಡಿಸಿದರೆ ಬದುಕುಳಿಯಬಹುದು.

ಗೆಲುವಿನ ಷರತ್ತೂ ಅಷ್ಟೇ: ರಾಮ್ಸೆಸ್ ಸಾಯದೆ ಪ್ತಾ ದಳ ಬರುವವರೆಗೆ ನಿಲ್ಲಬೇಕು. ಕಾದೇಶನ್ನು ಹಿಡಿಯುವ ಷರತ್ತು ಇಡಲಿಲ್ಲ. ರಾಮ್ಸೆಸ್ ತನ್ನ ಗೋಡೆಗಳ ಮೇಲೆ ದೊಡ್ಡ ಗೆಲುವು ಅಂತ ಕೆತ್ತಿಸಿಕೊಂಡ, ಆದರೆ ಊರು ಹಿಟ್ಟೈಟರ ಕೈಯಲ್ಲೇ ಉಳಿಯಿತು. ಹಾಗಾಗಿ ಮುಂದಿನ ಮ್ಯಾಪ್ ತೆರೆದಾಗ ಕಾದೇಶ್ ಹಿಟ್ಟೈಟರ ಬಣ್ಣದಲ್ಲೇ ಇರುತ್ತದೆ. ಡಮಾಸ್ಕಸ್ ಸುತ್ತಲಿನ ಉಪಿ ಪ್ರಾಂತ್ಯವೂ ಅವರ ಕೈಸೇರಿರುತ್ತದೆ.

ಕೊನೆಯ ಮ್ಯಾಪ್‌ನಲ್ಲಿ ನೀವು ಹತ್ತುಸಿಲಿ. ಕಾದೇಶ್‌ನ ಕಾಲಕ್ಕೆ ಮುವತಲ್ಲಿಯ ತಮ್ಮನಾಗಿದ್ದವನು, ಈಗ ಅಣ್ಣನ ಮಗ ಉರ್ಹಿ ತೆಶುಬ್‌ನನ್ನು ಕೆಳಗಿಳಿಸಿ ತಾನೇ ರಾಜನಾಗಿದ್ದಾನೆ. ಆ ಹುಡುಗ ಈಜಿಪ್ಟ್‌ಗೆ ಓಡಿಹೋಗಿದ್ದಾನೆ. ಪೂರ್ವದಲ್ಲಿ ಅಸ್ಸೀರಿಯಾ ಬೆಳೆಯುತ್ತಿದೆ. ಎರಡೂ ಗಡಿಗಳಿಗೆ ಸಾಕಾಗುವಷ್ಟು ಆಹಾರವನ್ನೂ ಜನರನ್ನೂ ನಾನು ಬೇಕೆಂದೇ ಕೊಟ್ಟಿಲ್ಲ. ಹೋರಾಡುತ್ತಲೇ ಹೋದರೆ ಎಲ್ಲೋ ಒಂದು ಕಡೆ ಸೋಲು ಖಚಿತ. ಆಡುವವರಿಗೆ ತಾವಾಗೇ ಸಂಧಿಯ ಯೋಚನೆ ಬರಬೇಕು ಅನ್ನುವುದು ನನ್ನ ಆಸೆಯಾಗಿತ್ತು. ಪರೀಕ್ಷೆಗೆ ಆಡಿದ ಗೆಳೆಯನೊಬ್ಬ ಮಧ್ಯದಲ್ಲಿ ನಿಲ್ಲಿಸಿ, "ಇವರ ಜೊತೆ ರಾಜಿ ಮಾಡ್ಕೊಳ್ಳೋಕೆ ಬಟನ್ ಎಲ್ಲಿದೆ?" ಅಂತ ಕೇಳಿದಾಗ ಮ್ಯಾಪ್ ಸರಿಹೋಗಿದೆ ಅನ್ನಿಸಿತು.

ಆ ಸಂಧಿ ನಿಜವಾಗಿ ಆದದ್ದು ಕ್ರಿ.ಪೂ. 1259ರ ಸುಮಾರಿಗೆ. ಬೆಳ್ಳಿಯ ಫಲಕದ ಮೇಲೆ ಹತ್ತುಸಿಲಿಯ ಜೊತೆ ರಾಣಿ ಪುದುಹೆಪಾಳ ಮುದ್ರೆಯೂ ಇತ್ತು ಅಂತ ಈಜಿಪ್ಟಿನ ಪ್ರತಿ ಹೇಳುತ್ತದೆ. ಹಾಗಾಗಿ ಆಟದಲ್ಲೂ ರಾಜ, ರಾಣಿ ಇಬ್ಬರೂ ಜೀವಂತವಾಗಿ ದೂತನ ಹತ್ತಿರ ಬಂದರೆ ಮಾತ್ರ ಸಂಧಿಯ ಟ್ರಿಗರ್ ನಡೆಯುತ್ತದೆ. ಅದು ನಡೆದಾಗ ಸ್ಕ್ರಿಪ್ಟ್ ಎರಡೂ ಕಡೆಯವರನ್ನು ಪರಸ್ಪರ ಮಿತ್ರರೆಂದು ಗುರುತು ಮಾಡಿ, ಇಬ್ಬರನ್ನೂ ಗೆದ್ದವರೆಂದು ಘೋಷಿಸುತ್ತದೆ. ಈಜಿಪ್ಟಿನ ಕಡೆಯಿಂದ ಇದೇ ಮ್ಯಾಪ್ ಆಡುವ ಅವಕಾಶವನ್ನು ಈಗ ಕಟ್ಟುತ್ತಿದ್ದೇನೆ. ಅದರಲ್ಲಿ ಉರ್ಹಿ ತೆಶುಬ್‌ನನ್ನು ಒಪ್ಪಿಸಬೇಕೋ ಉಳಿಸಿಕೊಳ್ಳಬೇಕೋ ಅನ್ನುವ ತೀರ್ಮಾನ ಆಡುವವರದ್ದು.