ಪೊಲೀಸ್ ಪಟ್ಟಿಯಿಂದ ಹೆಸರು ತೆಗೆಸುವ ಕೆಲಸ

ಪುಣೆಯಲ್ಲಿ ನಾನು ವಕೀಲಿ ಮಾಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಬಹಳಷ್ಟು ಜನ ಇಂಡಿ, ಸಿಂದಗಿ, ಅಫಜಲಪುರ, ಜೇವರ್ಗಿ ಕಡೆಯಿಂದ ದುಡಿಯಲು ಬಂದು ಯೆರವಡಾ, ವಿಶ್ರಾಂತವಾಡಿ, ಭೋಸರಿಯ ವಸತಿಗಳಲ್ಲಿ ಬೇರುಬಿಟ್ಟವರು. ಅಪ್ಪ ಗೌಂಡಿ, ಅವ್ವ ಮನೆಗೆಲಸದವಳು, ಮಗ ಇಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವನು. ಅವರು ಹಿಡಿದುಕೊಂಡು ಬರುವುದು ಮರಾಠಿಯ ಒಂದು ನೋಟಿಸು. ನಿಮ್ಮ ಮಗ ಇಂಥ ಟೋಳಿಯ, ಅಂದರೆ ಗ್ಯಾಂಗಿನ ಸದಸ್ಯ, ಅವನನ್ನು ಜಿಲ್ಲೆಯಿಂದ ಎರಡು ವರ್ಷ ತಡೀಪಾರ್ (ಗಡಿಪಾರು) ಯಾಕೆ ಮಾಡಬಾರದು, ಹಾಜರಾಗಿ ಹೇಳಿ ಅಂತ ಅದರಲ್ಲಿರುತ್ತದೆ. "ಟೋಳಿ ಯಾವ್ದ್ರೀ ವಕೀಲ್ರ? ನಮ್ಮ ಹುಡುಗ ಗಣಪತಿ ಮಂಡಳದಾಗ ಇದ್ದಾನ ಅಷ್ಟ" ಅಂತ ತಾಯಿ ಕೇಳುತ್ತಾಳೆ.

ಕೋಯ್ತಾ, ಅಂದರೆ ಮಚ್ಚು ಹಿಡಿದು ತಿರುಗುವ ಗ್ಯಾಂಗುಗಳು ಇಲ್ಲಿ ನಿಜವಾಗಿಯೂ ಇವೆ. ರಾತ್ರಿ ಕೋಯ್ತಾ ಬೀಸುತ್ತ ಬಂದು ಸಾಲಾಗಿ ನಿಂತ ರಿಕ್ಷಾಗಳ ಗಾಜು ಒಡೆದರೆ ನಷ್ಟವಾಗುವುದು ಇದೇ ವಸತಿಯ ಜನರಿಗೆ. ಪೊಲೀಸರು ಅಂಥವರ ಮೇಲೆ ಕಣ್ಣಿಡಲಿ ಅಂತ ಎಲ್ಲರಿಗಿಂತ ಮೊದಲು ಬಯಸುವವರೂ ಅವರೇ. ಗ್ಯಾಂಗಿನವರ ಪೊಲೀಸ್ ಪಟ್ಟಿ ಇರಲಿ. ಆದರೆ ಅದಕ್ಕೆ ಹೆಸರು ಸೇರಿಸಲು ಯಾರಾದರೂ ಇರುತ್ತಾರೆ, ತೆಗೆಯುವುದು ಮಾತ್ರ ಯಾರ ಕೆಲಸವೂ ಅಲ್ಲ. ಅದರ ಖರ್ಚನ್ನು ಊರಿಗೆ ಊರೇ ಕಟ್ಟುತ್ತಿದೆ.

ನಾನು ಮೊದಲು ಹುಡುಕುವುದು ಹೆಸರು ಯಾವ ಯಾವ ಕಡೆ ಇದೆ ಅಂತ. ದೇಶದ ಠಾಣೆಗಳನ್ನೆಲ್ಲ ಜೋಡಿಸುವ ಸಿಸಿಟಿಎನ್‌ಎಸ್ ವ್ಯವಸ್ಥೆಗೆ ಕೇಂದ್ರ ಸರ್ಕಾರ 2009ರಲ್ಲಿ 2,000 ಕೋಟಿ ರೂಪಾಯಿ ಮಂಜೂರು ಮಾಡಿತು. ಎಫ್‌ಐಆರ್ ಆದ ಹೆಸರು ಅಲ್ಲಿರುತ್ತದೆ. ಠಾಣೆಯವರು ತಾವೇ ಇಟ್ಟುಕೊಳ್ಳುವ ಟೋಳಿವಾರು ಪಟ್ಟಿ ಬೇರೆ. ಗಣೇಶೋತ್ಸವಕ್ಕೂ ಚುನಾವಣೆಗೂ ಮುಂಚೆ ಗಲಾಟೆ ಮಾಡುವುದಿಲ್ಲ ಅಂತ ಬಾಂಡು ಬರೆಸಿಕೊಳ್ಳುವ ಚಾಪ್ಟರ್ ಕೇಸಿನ ಕಡತ ಇನ್ನೊಂದು. ಒಂದು ಕಡೆಯ ಹೆಸರು ಮತ್ತೊಂದು ಕಡೆಗೆ ಹೋಗುತ್ತದೆ, ಆಮೇಲೆ ಎರಡೂ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ನಮ್ಮವರಿಗೆ ಇನ್ನೂ ಒಂದು ತೊಡಕಿದೆ. ಊರಲ್ಲಿ ಅಡ್ಡಹೆಸರೇ ಇಲ್ಲದವರಿಗೆ ಇಲ್ಲಿ ಶಾಲೆಯಲ್ಲೋ ಠಾಣೆಯಲ್ಲೋ ರಾಠೋಡ್, ಪವಾರ್ ಅಂತ ಹಚ್ಚಿಬಿಡುತ್ತಾರೆ. ಒಂದೇ ತಾಂಡಾದಿಂದ ಬಂದವರಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ಹುಡುಗರು ಸುಮಾರು ಇರುತ್ತಾರೆ. ಒಬ್ಬ ಮಾಡಿದ್ದು ಇನ್ನೊಬ್ಬನ ಖಾತೆಗೆ ಬೀಳುವುದು ಸುಲಭ.

ಇದಕ್ಕೆ ನಾನು ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ. ಹತ್ತು ರೂಪಾಯಿ ಶುಲ್ಕ. ಮಹಾರಾಷ್ಟ್ರದ ನಿಯಮದಲ್ಲಿ 150 ಪದ ಮೀರುವಂತಿಲ್ಲ, ಒಂದು ಅರ್ಜಿಗೆ ಒಂದೇ ವಿಷಯ. ಬೇರೆಯವರ ಹೆಸರು ಕೇಳಿದರೆ ಅರ್ಜಿ ತಿರಸ್ಕಾರವಾಗುತ್ತದೆ. ಹಾಗಾಗಿ ಕೇಳುವುದು ಇಷ್ಟೇ: ಪಟ್ಟಿಯಲ್ಲಿ ಎಷ್ಟು ಹೆಸರಿವೆ, ಕೊನೆಯ ಸಲ ಯಾವಾಗ ಪರಿಶೀಲನೆಯಾಯಿತು, ಎಷ್ಟು ಹೆಸರು ತೆಗೆದಿದ್ದೀರಿ, ತೆಗೆಯುವ ಅಧಿಕಾರ ಯಾರದು. ಒಂದು ಕಡೆಯಿಂದ ಹೆಸರುಗಳ ಸಂಖ್ಯೆ ಬಂತು, ಉಳಿದ ಸಾಲುಗಳ ಮುಂದೆ "ನಿರಂಕ" ಅಂತಿತ್ತು. ಅಂದರೆ ಏನೂ ಇಲ್ಲ. ಆ ಹಾಳೆಯನ್ನು ನಾನು ಆಮೇಲೆ ಎಷ್ಟೋ ವಿಚಾರಣೆಗಳಲ್ಲಿ ಮುಂದಿಟ್ಟಿದ್ದೇನೆ.

ಒಬ್ಬ ಹುಡುಗನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹಿಂಜವಡಿಯ ಐಟಿ ಪಾರ್ಕಿನಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತ್ತು, ಪೊಲೀಸರ ಚಾರಿತ್ರ್ಯ ಪರಿಶೀಲನೆಯ ಪ್ರಮಾಣಪತ್ರ ಬೇಕಾಗಿತ್ತು. ವರದಿಯಲ್ಲಿ ಹೊಡೆದಾಟದ ಪ್ರಕರಣ ಬಂತು, ಪಕ್ಕದಲ್ಲಿ ಟೋಳಿಯ ಹೆಸರೂ ಇತ್ತು. ಆ ಹೊಡೆದಾಟದ ಕಾಲಕ್ಕೆ ಅವನಿಗೆ 18 ತುಂಬಿರಲಿಲ್ಲ. ಯೆರವಡಾದ ಬಾಲನ್ಯಾಯ ಮಂಡಳಿ ಪ್ರಕರಣವನ್ನು ಮುಗಿಸಿಯಾಗಿತ್ತು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ, ಮುಗಿದ ಪ್ರಕರಣದಲ್ಲಿ ಮಗುವಿನ ದಾಖಲೆಯನ್ನು ಚಾರಿತ್ರ್ಯ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗ ಮಾಡುವಂತಿಲ್ಲ. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನು ನಾಶ ಮಾಡಬೇಕು ಅಂತ 24ನೇ ಕಲಮಿದೆ. ಅತಿ ಘೋರ ಅಪರಾಧದ ಕೆಲವು ಪ್ರಕರಣಗಳಿಗಷ್ಟೇ ವಿನಾಯಿತಿ. ಹುಡುಗನನ್ನು ಕರೆದುಕೊಂಡು ನಾನೇ ಠಾಣೆಗೆ ಹೋದೆ. ಕಂಪ್ಯೂಟರ್ ಮುಂದಿದ್ದ ಹವಾಲ್ದಾರರು ಸಭ್ಯರು, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಎಫ್‌ಐಆರ್ ನಂಬರು, ವಶಕ್ಕೆ ಪಡೆದ ತಾರೀಖು, ತನಿಖೆಯ ವಿವರ ಎಲ್ಲ ತುಂಬಿತ್ತು. ಫಲಿತಾಂಶ ಬರೆಯುವ ಜಾಗ ಖಾಲಿ. "ಅಲ್ಲಿಂದ ಕಾಗದ ಬಂದಿಲ್ಲ" ಅಂದರು. ಮಂಡಳಿಯ ಕಚೇರಿಯಲ್ಲಿ ವಿಚಾರಿಸಿದರೆ ಕಳಿಸಿದ್ದೇವೆ ಅಂದರು, ಕಾಗದ ಕಳಿಸಿದ ಜಾವಕ ನಂಬರೂ ಕೊಟ್ಟರು. ಪ್ರಮಾಣಿತ ನಕಲು ತೆಗೆಸಿ, ಎರಡೂ ಕಲಮು ಬರೆದ ಅರ್ಜಿಯ ಜೊತೆ ಠಾಣೆಗೂ ಪೊಲೀಸ್ ಆಯುಕ್ತಾಲಯಕ್ಕೂ ಕೊಟ್ಟೆವು. ದಾಖಲೆ ಸರಿಹೋಯಿತು. ಅಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗಿತ್ತು.

ಅಪ್ಪ ನನ್ನ ಜೊತೆ ಅಲೆದ ದಿನಗಳ ಕೂಲಿ ಹೋಯಿತು. ಅದು ಅವರ ಮನೆಯ ಖರ್ಚು. ಆದರೆ ಹಳೆಯ ಪಟ್ಟಿ ಹಿಡಿದು ಹಬ್ಬದ ಮುಂಚೆ ಆ ಮನೆಯ ಬಾಗಿಲು ಬಡಿದ ಬೀಟ್ ಪೊಲೀಸರು, ಅವನ ಮೇಲೆ ಚಾಪ್ಟರ್ ಕೇಸ್ ನಡೆಸಿದ ಸಹಾಯಕ ಆಯುಕ್ತರ ಕಚೇರಿ, ಪ್ರಸ್ತಾವ ತಯಾರಿಸಿದ ಪಿಎಸ್‌ಐ, ಇವರೆಲ್ಲರ ಸಂಬಳ ನಮ್ಮ ತೆರಿಗೆಯದು. ಆ ಹೊತ್ತಿನಲ್ಲಿ ನಿಜವಾಗಿ ಕೋಯ್ತಾ ಇಟ್ಟುಕೊಂಡವನ ಬಾಗಿಲಿಗೆ ಯಾರೂ ಹೋಗಿರಲಿಲ್ಲ. ಈ ಲೆಕ್ಕವನ್ನು ಯಾವ ಬಜೆಟ್ಟಿನಲ್ಲೂ ನಾನು ಕಂಡಿಲ್ಲ.

ಬೇರೆ ದೇಶಗಳಲ್ಲಿ ಇಂಥ ಪಟ್ಟಿಗಳ ತಪ್ಪೂ ಖರ್ಚೂ ಕಣ್ಣಿಗೆ ಬಿದ್ದಿವೆ. 2016ರಲ್ಲಿ ಕ್ಯಾಲಿಫೋರ್ನಿಯಾದ ರಾಜ್ಯ ಲೆಕ್ಕಪರಿಶೋಧಕರು ಅಲ್ಲಿನ ಪೊಲೀಸರ ಗ್ಯಾಂಗ್ ಪಟ್ಟಿಯಾದ ಕ್ಯಾಲ್‌ಗ್ಯಾಂಗ್ ದತ್ತಾಂಶವನ್ನು ತೆರೆದು ನೋಡಿದಾಗ, ಸೇರಿಸುವ ಹೊತ್ತಿಗೆ ವರ್ಷವೂ ತುಂಬಿರದ 42 ಜನರ ಹೆಸರು ಸಿಕ್ಕವು. ಅವರಲ್ಲಿ 28 ಮಂದಿ ತಾವು ಗ್ಯಾಂಗಿನವರು ಅಂತ ತಾವೇ ಒಪ್ಪಿಕೊಂಡಿದ್ದಾರೆ ಎಂದು ದಾಖಲಾಗಿತ್ತು. ಐದು ವರ್ಷಕ್ಕೆ ತೆಗೆಯಬೇಕಾದ ಹೆಸರುಗಳಿಗೆ ನೂರು ವರ್ಷದಾಚೆಯ ತಾರೀಖು ಹಾಕಿದ್ದೂ ಇತ್ತು. ಅದೇ ವರ್ಷ ಲಾಸ್ ಏಂಜಲೀಸ್ ನಗರ, ಗ್ಯಾಂಗಿನವರೆಂದು ಸಾವಿರಾರು ಜನರ ಮೇಲೆ ಹೇರಿದ ಕರ್ಫ್ಯೂಗಳ ಮೊಕದ್ದಮೆಯಲ್ಲಿ 3 ಕೋಟಿ ಡಾಲರಿನವರೆಗೆ ಖರ್ಚು ಮಾಡಲು ಒಪ್ಪಬೇಕಾಯಿತು. ಲಂಡನ್ನಿನ ನ್ಯೂಹ್ಯಾಮ್ ಕೌನ್ಸಿಲ್ ಪೊಲೀಸರ ಗ್ಯಾಂಗ್ ಪಟ್ಟಿಯ 203 ಹೆಸರುಗಳನ್ನು ಮುಚ್ಚದೆ ಇಮೇಲಿನಲ್ಲಿ ಹಂಚಿ, 2019ರಲ್ಲಿ 1,45,000 ಪೌಂಡು ದಂಡಕ್ಕೆ ಗುರಿಯಾಯಿತು. ಆ ಪಟ್ಟಿಯನ್ನು ಲಂಡನ್ ಪೊಲೀಸರು 2024ರಲ್ಲಿ ಮುಚ್ಚಿಯೇಬಿಟ್ಟರು. ಇವೆಲ್ಲ ಜನರ ದುಡ್ಡು.

ತಡೀಪಾರ್ ವಿಚಾರಣೆಗೆ ನಾನು ತಯಾರಾಗುವ ರೀತಿ ಈಗ ಹೀಗಿದೆ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 55ನೇ ಕಲಮು ಟೋಳಿಗೆ, 56 ಒಬ್ಬೊಬ್ಬರಿಗೆ. ನೋಟಿಸಿನಲ್ಲಿ ನಮೂದಿಸಿದ ಪ್ರತಿ ಪ್ರಕರಣದ ಮುಂದೆ ಅದರ ಇಂದಿನ ಸ್ಥಿತಿ ಬರೆದು ಒಂದು ಕೋಷ್ಟಕ ಮಾಡುತ್ತೇನೆ: ಖುಲಾಸೆ, ರಾಜಿ, ಬಾಕಿ. ಹೆಸರು ಹೇಳದ ಸಾಕ್ಷಿಗಳ ಗುಪ್ತ ಹೇಳಿಕೆಗಳು ಬೇರೆ ಬೇರೆಯವರದ್ದಾದರೂ ಎಷ್ಟೋ ಸಲ ಮಾತು ಮಾತಿಗೂ ಒಂದೇ ಇರುತ್ತವೆ. ಅಕ್ಕಪಕ್ಕ ಇಟ್ಟು ತೋರಿಸುತ್ತೇನೆ. ತಡೀಪಾರ್ ಅಸಾಧಾರಣ ಕ್ರಮ, ಅಪರೂಪಕ್ಕೆ ಮಾತ್ರ ಬಳಸಬೇಕು ಅಂತ ಮಹಾರಾಷ್ಟ್ರದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿದೆ. ಅದೇ ಕೋರ್ಟಿನ 2024ರ ಮೇ 7ರ ತೀರ್ಪು ದೆಹಲಿಯ ಹಿಸ್ಟರಿ ಶೀಟ್, ಅಂದರೆ ಪೊಲೀಸರು ಕಣ್ಣಿಟ್ಟವರ ಬಗ್ಗೆ ಇಡುವ ದಾಖಲೆ ಕುರಿತದ್ದು. ಅಪ್ರಾಪ್ತರ ವಿವರ ಕಾನೂನು ಮೀರಿ ಅದರಲ್ಲಿರಬಾರದು, ಹಿರಿಯ ಅಧಿಕಾರಿಯೊಬ್ಬರು ಕಾಲಕಾಲಕ್ಕೆ ಪರಿಶೀಲಿಸಬೇಕು ಅನ್ನುತ್ತದೆ. ಬೇರೆ ರಾಜ್ಯಗಳೂ ಇದನ್ನು ಪರಿಗಣಿಸಲಿ ಎಂದಿದೆ. ಬ್ರಿಟಿಷರ ಕಾಲದಲ್ಲಿ ಹುಟ್ಟಿನಿಂದಲೇ ಅಪರಾಧಿಗಳು ಅನ್ನಿಸಿಕೊಂಡಿದ್ದ ವಿಮುಕ್ತ ಜಾತಿಗಳವರನ್ನು ಪೂರ್ವಗ್ರಹದಿಂದ ಇಂಥ ದಾಖಲೆಗೆ ಸೇರಿಸುವ ಆರೋಪವನ್ನೂ ಎತ್ತಿದೆ. ತಾಂಡಾದ, ವಡ್ಡರ ಓಣಿಯ ಮಕ್ಕಳ ಪರವಾಗಿ ನಿಂತಾಗ ಆ ಸಾಲನ್ನು ನಾನು ಗಟ್ಟಿಯಾಗಿ ಓದುತ್ತೇನೆ.

ತಡೀಪಾರಾದ ಹುಡುಗ ಎಲ್ಲಿಗೆ ಹೋಗಬೇಕು? ಅಫಜಲಪುರದ ಹಳ್ಳಿಯ ಅಜ್ಜಿಯ ಮನೆಗೆ. ಅಲ್ಲಿ ಅವನಿಗೆ ಹೊಲದ ಕೆಲಸ ಬರುವುದಿಲ್ಲ, ಇಲ್ಲಿ ಅವನ ಪಗಾರ ನಿಂತಿರುತ್ತದೆ. ಆದೇಶವಿರುವಾಗ ಅವ್ವನನ್ನು ನೋಡಲು ಅನುಮತಿಯಿಲ್ಲದೆ ಬಂದರೆ ಅದೇ ಹೊಸ ಗುನ್ಹೆ. ಪಟ್ಟಿಯಲ್ಲಿ ಇನ್ನೊಂದು ಸಾಲು.

ಪುಣೆ, ಪಿಂಪ್ರಿಯ ನಮ್ಮವರಿಗೆ ನಾನು ಹೇಳುವುದು ಇದು. ಕೇಸು ಖುಲಾಸೆಯಾದ ದಿನವೇ ತೀರ್ಪಿನ ಪ್ರಮಾಣಿತ ನಕಲಿಗೆ ಅರ್ಜಿ ಹಾಕಿ. ಒಂದು ಪ್ರತಿಯನ್ನು ಠಾಣೆಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ತಲುಪಿದ್ದಕ್ಕೆ ಆವಕ ಮುದ್ರೆ ಹಾಕಿಸಿಕೊಳ್ಳಿ. ಎಲ್ಲ ಕಾಗದದಲ್ಲೂ ಹೆಸರು ಆಧಾರಿನಲ್ಲಿರುವಂತೆಯೇ ಬರಲಿ, ಅಪ್ಪನ ಹೆಸರು ಬಿಡಬೇಡಿ. ತಡೀಪಾರ್ ಆದೇಶ ಬಂದರೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಹಾಕಲು 30 ದಿನ ಮಾತ್ರ ಇರುತ್ತದೆ, ಆದ್ದರಿಂದ ನೋಟಿಸು ಕೈಗೆ ಬಂದ ವಾರದಲ್ಲೇ ವಕೀಲರನ್ನು ಕಾಣಿ. ವಕೀಲರ ಫೀಸು ಕೊಡಲಾಗದಿದ್ದರೆ ಶಿವಾಜಿನಗರ ಕೋರ್ಟಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು.