ನಮ್ಮ ಸೆಸ್ನಾಕ್ಕೆ ಎಲ್‌ಇಡಿ ಲ್ಯಾಂಡಿಂಗ್ ಲೈಟ್ ಹಾಕಿಸಿದ್ದು

ಇಲ್ಲಿ ಅಮೆರಿಕದಲ್ಲಿ ನಾನು ಹಾರಿಸುವುದು 1975ರ ಸೆಸ್ನಾ 172ಎಂ ಎಂಬ ಒಂದೇ ಎಂಜಿನ್ನಿನ ಸಣ್ಣ ವಿಮಾನ. ಅದರ ಲ್ಯಾಂಡಿಂಗ್ ಲೈಟು ಮೂಗಿನಲ್ಲಿ, ಪ್ರೊಪೆಲ್ಲರಿನ ಕೆಳಗೇ ಇದೆ. ಎಂಜಿನ್ನಿನ ನಡುಕವೆಲ್ಲ ಅದರ ಪಾಲಿಗೇ. ಹಳೆಯ 4509 ನಂಬರಿನ ಬಲ್ಬು 100 ವ್ಯಾಟಿನದು. ತಯಾರಕರು ಹೇಳುವ ಆಯಸ್ಸೇ ಬರೀ 25 ಗಂಟೆ. ಹಾಗಾಗಿ ಜಿಪುಣತನದಿಂದ ಬಳಸುತ್ತಿದ್ದೆ: ಫೈನಲ್‌ಗೆ, ಅಂದರೆ ಇಳಿಯಲು ರನ್‌ವೇಯ ನೇರಕ್ಕೆ, ತಿರುಗಿದ ಮೇಲೆ ಹಾಕುವುದು, ರನ್‌ವೇ ಬಿಟ್ಟ ಕೂಡಲೇ ಆರಿಸುವುದು. ಆದರೆ ಇಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಸಲಹೆಯೇ ಬೇರೆ. 10,000 ಅಡಿಗಿಂತ ಕೆಳಗೆ, ಅದರಲ್ಲೂ ವಿಮಾನ ನಿಲ್ದಾಣದ 10 ಮೈಲಿಯೊಳಗೆ, ಹಗಲಲ್ಲೂ ಲೈಟ್ ಉರಿಯುತ್ತಿರಲಿ ಅನ್ನುತ್ತದೆ. ನಮಗೆ ನೆಲ ಕಾಣುವುದು ಒಂದು, ಎದುರಿನವರಿಗೆ ನಾವು ಕಾಣುವುದು ಇನ್ನೊಂದು. ನನಗೆ ಬಹುಕಾಲ ಬಾಳುವ ಎಲ್‌ಇಡಿ ಬೇಕಾಗಿದ್ದು ಈ ಎರಡನೆಯದಕ್ಕೆ.

ಹಳೆಯ ಬಲ್ಬಿನ ಜಾಗಕ್ಕೆ ಅದೇ ನಂಬರಿನದನ್ನು ಹಾಕುವುದಾದರೆ ಮಾಲೀಕ ಪೈಲಟ್ ತಾನೇ ಮಾಡಿ ಲಾಗ್‌ಬುಕ್ಕಿನಲ್ಲಿ ಬರೆದರೆ ಸಾಕು. ನಾನು ತಂದದ್ದು ಎಸ್‌ಟಿಸಿ (ವಿಮಾನದ ಮೂಲ ವಿನ್ಯಾಸದಲ್ಲಿ ಬದಲಾವಣೆಗೆ ಎಫ್‌ಎಎ ಕೊಡುವ ಒಪ್ಪಿಗೆ) ಇರುವ ಎಲ್‌ಇಡಿ. ಸ್ಕ್ರೂಡ್ರೈವರ್ ನಾನು ಹಿಡಿದರೂ ಮೆಕ್ಯಾನಿಕ್ ಪಕ್ಕದಲ್ಲಿದ್ದು, ಪರೀಕ್ಷಿಸಿ ಸಹಿ ಹಾಕಿದರು. ದೊಡ್ಡ ಬದಲಾವಣೆಗಳನ್ನು ದಾಖಲಿಸುವ ಎಫ್‌ಎಎ ಫಾರಂ 337 ಕೂಡ ತುಂಬಿಸಿದೆವು.

ಅಳತೆ ಅದೇ ಪಾರ್ 36, ಅಂದರೆ ನಾಲ್ಕೂವರೆ ಇಂಚು ಅಗಲದ ದುಂಡು ದೀಪ. ಹಳೆಯ ರಿಂಗಿನಲ್ಲೇ ಕೂತಿತು. ಆದರೆ ಹಿಂದೆ ಬಿಸಿ ಹೊರಹಾಕುವ ಹೀಟ್‌ಸಿಂಕ್ ಇರುವುದರಿಂದ ಎಂಜಿನ್ನಿನ ಹೊದಿಕೆಯಾದ ಕೌಲಿಂಗ್ ಮುಚ್ಚಿದಾಗ ಏನಕ್ಕೂ ತಾಗುವುದಿಲ್ಲವೆಂದು ಟಾರ್ಚ್ ಹಾಕಿ ನೋಡಬೇಕು. ಇನ್ನೊಂದು, ಹಳೆಯ ಬಲ್ಬಿಗೆ ಪ್ಲಸ್ಸು ಮೈನಸ್ಸು ಯಾವ ಕಡೆಯಾದರೂ ನಡೆಯುತ್ತದೆ, ಇದಕ್ಕೆ ನಡೆಯದು. ಎರಡು ವೈರೂ ಒಂದೇ ಮಾಸಲು ಬಿಳಿ! ಮೀಟರ್ ಇಟ್ಟು ನೋಡಿ ಪ್ಲಸ್ಸಿಗೆ ಕೆಂಪು ಟೇಪ್ ಸುತ್ತಿದೆ.

ನಿಜವಾದ ಪರೀಕ್ಷೆ ರೇಡಿಯೋದ್ದು. ಎಲ್‌ಇಡಿಯೊಳಗಿನ ಸರ್ಕ್ಯೂಟ್ ಕೆಲವೊಮ್ಮೆ ವಿಮಾನದ ವಿಎಚ್‌ಎಫ್ ರೇಡಿಯೋದಲ್ಲಿ ಗದ್ದಲ ಎಬ್ಬಿಸುತ್ತದೆ. ಎಂಜಿನ್ ಶುರುಮಾಡಿ, ರೇಡಿಯೋದ ಹಿನ್ನೆಲೆ ಗದ್ದಲ ಅಡಗಿಸುವ ಸ್ಕ್ವೆಲ್ಚ್ ತೆಗೆದು, ದೂರದ ಊರಿನ ಕ್ಷೀಣವಾದ ಹವಾಮಾನ ಪ್ರಸಾರಕ್ಕೆ ಕಿವಿಗೊಟ್ಟು, ಲೈಟ್ ಹಾಕಿ ಆರಿಸಿ ಕೇಳಿದೆವು. ವ್ಯತ್ಯಾಸ ಕೇಳಿಸಲಿಲ್ಲ. ಹತ್ತಿರದ ಟವರ್ ಹಿಡಿದು ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಜೋರು ಸಿಗ್ನಲ್ ಎಲ್ಲವನ್ನೂ ಮುಚ್ಚಿಹಾಕುತ್ತದೆ.

ಕರೆಂಟು ಮೊದಲು ಎಂಟು ಆಂಪಿನ ಹತ್ತಿರ ಎಳೆಯುತ್ತಿತ್ತು. ಈಗ ಅದರ ಅರ್ಧವೂ ಇಲ್ಲ. ರಾತ್ರಿ ರನ್‌ವೇಯ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ, ಆದರೆ ಮಂಜಿನಲ್ಲಿ ಈ ಬಿಳಿ ಬೆಳಕು ಕಣ್ಣಿಗೇ ವಾಪಸ್ಸು ಹೊಡೆಯುತ್ತದೆ, ಆಗ ಆರಿಸಿಬಿಡುತ್ತೇನೆ. ಪಕ್ಕದ ಟ್ಯಾಕ್ಸಿ ಲೈಟು (ನೆಲದ ಮೇಲೆ ಓಡಿಸುವಾಗ ಹಾಕುವುದು) ಹಳೆಯದೇ ಇದೆ, ಅದು ಸುಟ್ಟುಹೋದಾಗ ನೋಡಿದರಾಯಿತು.