ನೈಟ್ರೇಟ್ ಎಲೆಕ್ಟ್ರೋಡಿನ ಪೊರೆಯಲ್ಲಿ ಅಯಾನಿಕ ದ್ರವ: ನನ್ನ ಅನುಭವ

ಕೊಳವೆಬಾವಿ ನೀರಿನ ನೈಟ್ರೇಟ್ ಅಳೆಯಲು ಎಲೆಕ್ಟ್ರೋಡನ್ನು ನಾನೇ ತಯಾರಿಸಲು ಹೊರಟಾಗ, ಪಿವಿಸಿ ಪೊರೆಗೆ ಮೊದಲು ಬೆರೆಸಿದ್ದು ಬ್ಯುಟೈಲ್‌ಮೀಥೈಲ್‌ಇಮಿಡಜೋಲಿಯಂ ಟೆಟ್ರಾಫ್ಲೋರೋಬೋರೇಟ್ ಎಂಬ ಅಯಾನಿಕ ದ್ರವವನ್ನು, ಅಂದರೆ ಕೋಣೆಯ ತಾಪದಲ್ಲೇ ದ್ರವವಾಗಿರುವ ಲವಣವನ್ನು. ಅದು ಕಪಾಟಿನಲ್ಲಿ ಸಿದ್ಧವಾಗಿತ್ತೆಂಬುದಷ್ಟೇ ಕಾರಣ. ಮೂರನೆಯ ದಿನದ ಹೊತ್ತಿಗೆ ಪೊರೆ ಬಿರುಸಾಯಿತು. ನೈಟ್ರೇಟ್ ದ್ರಾವಣದ ಸಾಂದ್ರತೆಯನ್ನು ಹತ್ತು ಪಟ್ಟು ಹೆಚ್ಚಿಸಿದರೂ, ಅದಕ್ಕೆ ತಕ್ಕಂತೆ ಬದಲಾಗಬೇಕಾದ ಎಲೆಕ್ಟ್ರೋಡಿನ ವಿಭವ (ವೋಲ್ಟೇಜ್) ಕದಲುತ್ತಿರಲಿಲ್ಲ. ನೀರಿನಲ್ಲಿ ಪೂರ್ತಿ ಬೆರೆಯುವ ಆ ದ್ರವ ಪೊರೆಯನ್ನು ಬಿಟ್ಟು ನೀರಿಗೆ ಸೇರಿಹೋಗಿತ್ತು.

ಆಮೇಲೆ ಟ್ರೈಹೆಕ್ಸೈಲ್‌ಟೆಟ್ರಾಡೆಸೈಲ್‌ಫಾಸ್ಫೋನಿಯಂ ಕ್ಲೋರೈಡನ್ನು ಆರಿಸಿಕೊಂಡೆ. ಇದರ ಧನ ಅಯಾನಿನಲ್ಲಿ 32 ಇಂಗಾಲದ ಪರಮಾಣುಗಳಿರುವುದರಿಂದ ಅದು ನೀರಿಗೆ ಹೋಗಲೊಲ್ಲದೆ ಪೊರೆಯಲ್ಲೇ ಉಳಿಯುತ್ತದೆ. ಜೊತೆಗಿರುವ ಕ್ಲೋರೈಡ್ ಮಾತ್ರ ಹೊರಗಿನ ನೈಟ್ರೇಟಿಗೆ ಸ್ಥಳ ಬಿಟ್ಟುಕೊಡುತ್ತದೆ. ಅಯಾನು ವಿನಿಮಯಕ್ಕೆ ಬೇರೆ ಲವಣವನ್ನು ಸೇರಿಸುವ ಅಗತ್ಯವೇ ಬೀಳಲಿಲ್ಲ.

ತೂಕದ ಪ್ರಕಾರ ಶೇಕಡ 33 ಪಿವಿಸಿ, 61 ನೈಟ್ರೋಫಿನೈಲ್ ಆಕ್ಟೈಲ್ ಈಥರ್ (ಪೊರೆಯನ್ನು ಮೆದುವಾಗಿಡುವ ದ್ರವ) ಮತ್ತು 6 ಅಯಾನಿಕ ದ್ರವ, ಒಟ್ಟು 200 ಮಿಲಿಗ್ರಾಂ, ಇವನ್ನು 2 ಮಿಲಿಲೀಟರ್ ಟೆಟ್ರಾಹೈಡ್ರೋಫ್ಯುರಾನಿನಲ್ಲಿ ಕರಗಿಸಿ, ಗಾಜಿನ ತಟ್ಟೆಯ ಮೇಲಿಟ್ಟ ಗಾಜಿನ ಬಳೆಯೊಳಗೆ ಸುರಿದು, ಸೋಸುಕಾಗದ ಮುಚ್ಚಿ ಫ್ಯೂಮ್ ಹುಡ್‌ನಲ್ಲಿ ಎರಡು ದಿನ ಬಿಟ್ಟೆ. ಮಳೆಗಾಲದಲ್ಲಿ ಇದೇ ಹಂತ ನನ್ನನ್ನು ಬಹಳ ಕಾಡಿತು. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಳಿಯುತ್ತದೆ, ಪೊರೆ ಹಾಲಿನಂತೆ ಬೆಳ್ಳಗಾಗುತ್ತದೆ. ಅಂಥ ಪೊರೆಯನ್ನು ನಾನು ಬಳಸುವುದಿಲ್ಲ. ಬಳೆಯ ಮೇಲೆ ಕಾಗದವನ್ನು ಇನ್ನಷ್ಟು ಪದರವಾಗಿ ಹೊದಿಸಿ, ಆರುವಿಕೆಯನ್ನು ನಿಧಾನಗೊಳಿಸಿದ ಮೇಲೆ ಪಾರದರ್ಶಕ ಪೊರೆ ಸಿಕ್ಕಿತು. ಅದರಿಂದ ಕತ್ತರಿಸಿದ ಬಿಲ್ಲೆಯನ್ನು ಪಿವಿಸಿ ಕೊಳವೆಯ ತುದಿಗೆ ಅಂಟಿಸಿ, 0.01 ಮೋಲಾರ್ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ರಾತ್ರಿಯಿಡೀ ನೆನೆಸಿದೆ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಂದ್ರತೆಯ ಪ್ರತಿ ಹತ್ತು ಪಟ್ಟಿಗೆ ವಿಭವ ಸುಮಾರು 57 ಮಿಲಿವೋಲ್ಟ್ ಇಳಿಯಿತು. ಸಿದ್ಧಾಂತ ಹೇಳುವುದು 59.2. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ. ಅದು ಈ ಎಲೆಕ್ಟ್ರೋಡ್ ನೇರವಾಗಿ ಅಳೆಯಬಲ್ಲ ವ್ಯಾಪ್ತಿಯ ಒಳಗೇ ಇದೆ.

ಆದರೆ ಈ ಪೊರೆಗೆ ನೈಟ್ರೇಟನ್ನೇ ಗುರುತಿಸುವ ಶಕ್ತಿಯಿಲ್ಲ. ನೀರಿನ ಒಡನಾಟವನ್ನು ಸುಲಭವಾಗಿ ಬಿಡುವ ಋಣ ಅಯಾನನ್ನು ಅದು ಮೊದಲು ಸ್ವೀಕರಿಸುತ್ತದೆ. ಹೀಗಾಗಿ ಪರ್ಕ್ಲೋರೇಟ್ ಮತ್ತು ಅಯೋಡೈಡ್ ನೈಟ್ರೇಟಿಗಿಂತ ಮುಂದಿವೆ, ಕ್ಲೋರೈಡ್ ಹಿಂದಿದೆ. ಕ್ಲೋರೈಡಿನ ಆಯ್ಕೆ ಗುಣಾಂಕ, ಅಂದರೆ ನೈಟ್ರೇಟಿಗೆ ಹೋಲಿಸಿದರೆ ಎಲೆಕ್ಟ್ರೋಡ್ ಅದಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ, ನನಗೆ ಸುಮಾರು 0.01 ಬಂದಿತು. ಸಣ್ಣ ಸಂಖ್ಯೆಯೆಂದು ಇದನ್ನು ಕಡೆಗಣಿಸಲಾಗದು: ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡಿರುವ ನೀರಿನಲ್ಲಿ 45 ಮಿಲಿಗ್ರಾಂ ನೈಟ್ರೇಟ್ ಹತ್ತಿರ ಹತ್ತಿರ ಶೇಕಡ 10ರಷ್ಟು ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಉಪ್ಪುನೀರಿನ ಮಾದರಿಗಳಿಗೆ ಮೊದಲು ಸಿಲ್ವರ್ ಸಲ್ಫೇಟ್ ಹಾಕಿ ಕ್ಲೋರೈಡನ್ನು ಕರಗದ ಗಸಿಯಾಗಿ ಒತ್ತರಿಸಿ ತೆಗೆಯುತ್ತೇನೆ, ಅಂಶಾಂಕನದ (ಹೋಲಿಕೆಗೆ ಬಳಸುವ, ಸಾಂದ್ರತೆ ಗೊತ್ತಿರುವ) ದ್ರಾವಣಗಳಿಗೂ ಅಷ್ಟೇ ಸಿಲ್ವರ್ ಸಲ್ಫೇಟ್ ಸೇರಿಸುತ್ತೇನೆ.